ಸೇವೆ ಪಡೆದವರ ಸಹಿ

ಇಪ್ಪತ್ತು ಕುರ್ಚಿಯ ಆ ಕೋಣೆಗೆ ಮೈಕು ಬೇಕಿರಲಿಲ್ಲ. ಆದರೂ ತರಬೇತಿಯವನು ಮೈಕು ಹಿಡಿದೇ ಮಾತಾಡುತ್ತಿದ್ದ. ಅದನ್ನು ತುಟಿಗೆ ತಾಗಿಸಿಕೊಳ್ಳುತ್ತಿದ್ದುದರಿಂದ ಮಾತಿಗಿಂತ ಮೊದಲು ಅವನ ಉಸಿರು ಬಂದು ಅವಳ ಕಿವಿಗೆ ಬೀಳುತ್ತಿತ್ತು. ಕಾಯಿಲೆಯ ಉಸಿರಲ್ಲ, ಮೂವತ್ತು ದಾಟದ ಗಟ್ಟಿ ಆಳಿನದು. ನಿಮಿಷಕ್ಕೆ ಹದಿನೆಂಟು ಎಂದು ಅವಳು ತನಗೇ ಗೊತ್ತಿಲ್ಲದೆ ಎಣಿಸಿಬಿಟ್ಟಿದ್ದಳು. "ಇವತ್ತಿಂದ ನೀವು ನರ್ಸ್ ಅಲ್ಲ! ಮತ್ತೇನು?" ಎಂದ ಅವನು. ಹದಿನಾಲ್ಕು ಜನ ನರ್ಸುಗಳು ಐದು ವಾರದಿಂದ ಕಲಿತಿದ್ದ ಉತ್ತರವನ್ನು ಕಹಿ ಮಾತ್ರೆ ನುಂಗಿದ ಹಾಗೆ ಹೇಳಿದರು, "ಉದ್ಯಮಿ." "ಕೇಳಿಸ್ತಿಲ್ಲ!" "ಉದ್ಯಮಿ." ಅವಳ ಪಕ್ಕದಲ್ಲಿ, ಆಪರೇಷನ್ ಥಿಯೇಟರಿನಲ್ಲಿ ಮೂವತ್ತು ವರ್ಷ ನಿಂತೂ ನಿಂತೂ ಕಾಲಿನ ನರಗಳೆಲ್ಲ ಉಬ್ಬಿಹೋಗಿದ್ದ ಹೆಂಗಸು ಕಣ್ಣು ಮುಚ್ಚಿಕೊಂಡೇ ಅಂದಳು, "ಇವನಿಗೆ ಮೊದಲು ಕಿವಿ ತೋರಿಸಬೇಕು ಕಣೇ."

ಬೇರೆ ದಿನವಾಗಿದ್ದರೆ ಅವಳು ನಗುತ್ತಿದ್ದಳು. ಇವತ್ತು ಬೆಳಗಿನಿಂದ ಎಲ್ಲದರ ಮೇಲೂ ರೇಜಿಗೆಯಾಗುತ್ತಿತ್ತು, ಕೆಟ್ಟು ನಿಂತ ಲಿಫ್ಟಿನ ಮೇಲೆ, ಮೂರು ಮಹಡಿ ಮೆಟ್ಟಿಲಿನ ಮೇಲೆ, ಕೂತರೆ ಸೊಂಟದಲ್ಲಿ ಏಳುವ ಚಳುಕಿನ ಮೇಲೆ, ಕಾಲ ಮೇಲಿಟ್ಟುಕೊಂಡಿದ್ದ ಚೀಲದ ಮೇಲೆ. ಚೀಲದಲ್ಲಿ ನಾಲ್ಕು ಮಡಿಕೆಯಾಗಿ ಒಂದು ಫಾರಂ ಇತ್ತು. ತಪ್ಪಾದರೆ ಇರಲಿ ಎಂದು ಕೊಟ್ಟ ಇನ್ನೊಂದು ಖಾಲಿ ಪ್ರತಿಯೂ ಇತ್ತು. ಸೇವೆಯ ಗುಣಮಟ್ಟ, ಸಮಯಪಾಲನೆ, ಶುಚಿತ್ವ, ವರ್ತನೆ ಎಂದು ನಾಲ್ಕು ಸಾಲು. ಪ್ರತಿ ಸಾಲಿನ ಮುಂದೆ ಅತ್ಯುತ್ತಮ, ಉತ್ತಮ, ಸಾಧಾರಣ ಎಂದು ಮೂರು ಚೌಕ. ಎಲ್ಲಕ್ಕಿಂತ ಕೆಳಗೆ ಒಂದು ಗೆರೆ, ಗೆರೆಯ ಅಡಿಯಲ್ಲಿ 'ಸೇವೆ ಪಡೆದವರ ಸಹಿ'. ಇದನ್ನು ಒಂದು ಮನೆಯಿಂದ ತುಂಬಿಸಿ, ಫೋಟೊ ತೆಗೆದು, ಸಂಜೆ ಐದರೊಳಗೆ ಕಳಿಸಬೇಕು. ಹದಿನಾಲ್ಕರಲ್ಲಿ ಎಂಟು ಜನರನ್ನು ತರಬೇತಿ ನಡೆಸುವ ಸಮಿತಿ ಆರಿಸುತ್ತದೆ. ಮನೆಗೇ ಹೋಗಿ ಆರೈಕೆ ಮಾಡಲು ಆರಿಸಿದವರು ಕಟ್ಟುವ ಸಂಸ್ಥೆಗೆ ನೋಂದಣಿ ಮಾಡಿಸಿಕೊಡುತ್ತಾರೆ, ಮನೆಗಳಿಗೆ ಒಯ್ಯಲು ಮಂಚ, ಆಮ್ಲಜನಕದ ಯಂತ್ರ ಕೊಡುತ್ತಾರೆ, ಎರಡು ವರ್ಷ ಕಷ್ಟ ಬಂದಾಗ ಕೇಳಲು ಒಬ್ಬರು ಇರುತ್ತಾರೆ. ಉಳಿದವರು ಮುಂದಿನ ವರ್ಷ ಬರಬೇಕು. ಮುಂದಿನ ವರ್ಷದವರೆಗೆ ಏನು ಮಾಡುವುದು ಎಂಬುದಕ್ಕೆ ಫಾರಮ್ಮಿನಲ್ಲಿ ಸಾಲಿಲ್ಲ. ಅವಳೂ ಅವಳ ಮಾತು ಕೇಳಿ ಅದೇ ವಾರ್ಡಿನ ನರ್ಸು ಚಿಕ್ಕವಳೂ ಒಂದೇ ವಾರದಲ್ಲಿ ಆಸ್ಪತ್ರೆ ಬಿಟ್ಟಿದ್ದರು. ರಾಜೀನಾಮೆಯ ಕಾಗದಗಳನ್ನು ಒಂದರ ಮೇಲೊಂದಿಟ್ಟು ಮೇಟ್ರನ್ ಹೇಳಿದ್ದರು, "ಹೋಗಿ, ಉದ್ಧಾರ ಆಗಿ. ಆದ್ರೆ ಅಳ್ತಾ ವಾಪಸ್ ಬರಬೇಡಿ, ನನ್ನ ಹತ್ರ ಜಾಗ ಇರಲ್ಲ." ಹದಿಮೂರು ಜನ ಫಾರಂ ತುಂಬಿಸಿ ತಂದಿದ್ದರು. ಅವಳದೊಂದೇ ಖಾಲಿ. ಬೆಳಗ್ಗೆ ಎಂಟಕ್ಕೆ, ರಾತ್ರಿ ಪಾಳಿ ಮುಗಿದ ಮನೆಯಲ್ಲಿ, ಅದನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು, ಹಾಗೇ ಮಡಚಿ ಚೀಲಕ್ಕೆ ಹಾಕಿಕೊಂಡು ಬಂದಿದ್ದಳು.

ಎಂಟಕ್ಕೆ ಚಿಕ್ಕವಳು ಬಂದಿದ್ದಳು. ವಾರ್ಡಿಗೆ ಎಲ್ಲರಿಗಿಂತ ಕೊನೆಗೆ ಸೇರಿದವಳಾದ್ದರಿಂದ ಚಿಕ್ಕವಳು. ಏಳು ವರ್ಷ ಕಳೆದು, ಮದುವೆಯಾಗಿ, ಮಗುವಾದರೂ ಹೆಸರು ಬದಲಾಗಲಿಲ್ಲ. ಹಗಲಿನ ಪಾಳಿ ಚಿಕ್ಕವಳದು, ರಾತ್ರಿಯದು ಇವಳದು. ಇಬ್ಬರೂ ಸೇರಿ ಒಂದು ಸಂಸ್ಥೆ, ಸಂಸ್ಥೆಗೆ ಸದ್ಯಕ್ಕೆ ಒಂದೇ ಮನೆ, ಮನೆಯಲ್ಲಿ ಒಂದೇ ರೋಗಿ. ಅವರು ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದವರು, ನಿವೃತ್ತರಾಗಿ ಹದಿನೆಂಟು ವರ್ಷವಾದರೂ ಆ ಕಟ್ಟಡದವರಿಗೆಲ್ಲ 'ಚೆಕಿಂಗಿನವರು'. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದು, ಆಪರೇಷನ್ನಾಗಿ, ಆರು ತಿಂಗಳಿಂದ ಹಾಸಿಗೆಯಲ್ಲಿದ್ದರು. ಬಾಯಿ ಮಾತ್ರ ಹಾಸಿಗೆ ಹಿಡಿದಿರಲಿಲ್ಲ. ಮೊದಲ ದಿನ ಅವಳು ವಾರ್ಡಿನ ರೂಢಿಯಂತೆ "ಅಜ್ಜ" ಎಂದಾಗ, "ಯಾರಿಗೆ ಅಜ್ಜ? ನನಗೆ ಮೊಮ್ಮಕ್ಕಳೇ ಇಲ್ಲ" ಎಂದಿದ್ದರು. "ಮತ್ತೆ ಏನಂತ ಕರೀಲಿ?" "ಕರೆಯೋದು ಯಾಕೆ? ನಾನೆಲ್ಲಿಗೆ ಓಡಿಹೋಗ್ತೀನಿ?"

ಪಾಳಿ ಬದಲಾಗುವಾಗ ಹೋಗುವವಳು ಬರುವವಳಿಗೆ ರೋಗಿಯನ್ನು ಒಪ್ಪಿಸಬೇಕು. ಹಾಸಿಗೆಯ ಈ ಬದಿ ಇವಳು, ಆ ಬದಿ ಅವಳು, ನಡುವೆ ಮಲಗಿದವನ ಮೈಮೇಲಿಂದ ಗಟ್ಟಿಯಾಗಿ, ಏನೂ ಬಿಡದೆ ಹೇಳಬೇಕು. ಬಿಟ್ಟರೆ ಜೀವ ಹೋದೀತು. ಮೂವತ್ತೆರಡು ಹಾಸಿಗೆಯ ವಾರ್ಡಿನಲ್ಲಿ ಇಪ್ಪತ್ತೆರಡು ವರ್ಷ ಅವಳು ಹಾಗೆ ಒಪ್ಪಿಸಿದ್ದಳು. ಬಿಡದೆ ಹೇಳುವವಳು ಒಳ್ಳೆಯ ನರ್ಸು. ಅವಳು ಬಹಳ ಒಳ್ಳೆಯ ನರ್ಸು. ಇವತ್ತೂ ಗೋಡೆಗೆ ತಾಗಿದ್ದ ಬದಿಯಲ್ಲಿ ತೂರಿಕೊಂಡು ನಿಂತು, "ಬೆಡ್ ಒಂದು" ಎಂದು ಶುರು ಮಾಡಿದಳು, ಆ ಕೋಣೆಯಲ್ಲಿ ಇನ್ನೂ ಮೂವತ್ತೊಂದು ಇದ್ದ ಹಾಗೆ. "ಎಪ್ಪತ್ತಾರು, ಗಂಡು. ರಾತ್ರಿ ಮೂರು ಸಲ ಒದ್ದೆ ಮಾಡ್ಕೊಂಡಿದ್ದಾರೆ, ಬಟ್ಟೆ ಬದಲಾಯಿಸಿದೀನಿ. ಮೋಷನ್ ಆಗಿ ಮೂರು ದಿನ, ಇವತ್ತು ಎನಿಮಾ ಕೊಡಬೇಕು. ಎಡ ಸೊಂಟದ ಮೇಲೆ ಕೆಂಪಾಗಿದೆ, ಒತ್ತಿದ್ರೆ ಬಿಳಿ ಆಗುತ್ತೆ, ಕಣ್ಣಿಟ್ಟಿರು. ಬೆಳಗಿನ ಜಾವ ಗೊಂದಲ ಇತ್ತು. ನನ್ನನ್ನ ಹೆಂಡತಿ ಅಂದ್ಕೊಂಡು ಕೈ ಹಿಡ್ಕೊಂಡು, ಹೋಗಬೇಡ ಹೋಗಬೇಡ ಅಂತ ಅತ್ತರು. ಗಮನಿಸು." ಚಿಕ್ಕವಳು ಹ್ಞೂಂ, ಹ್ಞೂಂ ಎಂದು ಬರೆದುಕೊಂಡಳು. ಒಪ್ಪಿಸಿ ಮುಗಿಸಿದ ಮೇಲೆ ಅವಳು ತಲೆಯೆತ್ತಿದಳು. ಬಾಗಿಲಲ್ಲಿ ಸೊಸೆ ಕಾಫಿ ಹಿಡಿದು ನಿಂತಿದ್ದಳು. ಸೊಸೆಯ ಹಿಂದೆ, ದಿನಾ ಬೆಳಗ್ಗೆ ಪೇಪರು ಓದಿ ಹೇಳಲು ಬರುವ ಹಳೆಯ ಡ್ರೈವರು, ಮೂವತ್ತು ವರ್ಷದ ಗೆಳೆಯ, ಪೇಪರನ್ನು ಸುರುಳಿ ಸುತ್ತುತ್ತಾ ನಿಂತಿದ್ದ. ಅವನು ಹಾಸಿಗೆಯ ಕಡೆ ನೋಡದೆ, "ಇವತ್ತು ವಿಶೇಷ ಏನೂ ಇಲ್ಲ ಬಿಡಯ್ಯ, ನಾಳೆ ಬರ್ತೀನಿ" ಎಂದು ಹೊರಟುಹೋದ. ಚೆಕಿಂಗಿನವರು ಸೂರಿನತ್ತ ನೋಡುತ್ತಿದ್ದರು. ಆಮೇಲೆ ಮುಖವನ್ನಷ್ಟೇ ಗೋಡೆಗೆ ತಿರುಗಿಸಿಕೊಂಡರು. ತಿರುಗಿಸಲು ಅವರ ವಶದಲ್ಲಿ ಅದೊಂದೇ ಉಳಿದಿತ್ತು.

ಚಪ್ಪಲಿ ಮೆಟ್ಟಿಕೊಳ್ಳುವಾಗ ಸೊಸೆ ಪಿಸುದನಿಯಲ್ಲಿ, "ಸಿಸ್ಟರ್, ಬೇರೆಯವರ ಮುಂದೆ ಹಾಗೆಲ್ಲ…" ಎಂದಳು. ಅದಕ್ಕೆ ಅವಳು ಏನೆಂದಳು? ತಪ್ಪಾಯಿತು ಅನ್ನಲಿಲ್ಲ. "ಅದು ರೂಲು ಮೇಡಂ, ಹಾಗೇ ಒಪ್ಪಿಸೋದು" ಎಂದಳು. ಆ ಮಾತು ಬೆಳಗಿನಿಂದ ಹಲ್ಲಿಗೆ ಸಿಕ್ಕಿದ ನಾರಿನ ಹಾಗೆ ಅಲ್ಲೇ ಇತ್ತು. ರೂಲು. ಯಾರ ರೂಲು? ಊಟದ ಮೇಜು ತೆಗೆಸಿ ಮಂಚ ಹಾಕಿದ ಕೋಣೆ, ಗೋಡೆಯ ಮೇಲೆ ಮೇಜು ಉಜ್ಜಿದ ಗೀರು ಇನ್ನೂ ಇದೆ, ಕಿಟಕಿಯಾಚೆ ಟಯರಿನ ಅಂಗಡಿಯ ಬಾಗಿಲು. ಅಲ್ಲಿಗೆ ಯಾವ ರೂಲು ತಂದೆ ನೀನು?

"ಈಗ ಎಲ್ಲರೂ ಕಣ್ಣು ಮುಚ್ಚಿ," ಎಂದ ತರಬೇತಿಯವನು, "ನಿಮ್ಮ ಗ್ರಾಹಕನ ಮುಖ ನೋಡಿ." ರಾತ್ರಿ ಪಾಳಿ ಮುಗಿಸಿ ಬಂದ ನರ್ಸುಗಳಿಗೆ ಮಧ್ಯಾಹ್ನದ ಹೊತ್ತು ಕಣ್ಣು ಮುಚ್ಚಿ ಅನ್ನಬಾರದು ಎಂಬಷ್ಟು ಲೋಕಜ್ಞಾನ ಅವನಿಗಿರಲಿಲ್ಲ. ಎರಡು ನಿಮಿಷಕ್ಕೆ ಹಿಂದಿನ ಸಾಲಿನಲ್ಲಿ ಒಬ್ಬಳ ತಲೆ ಇನ್ನೊಬ್ಬಳ ಹೆಗಲಿಗೆ ಬಿತ್ತು, ಥಿಯೇಟರಿನವಳು ಕೂತಲ್ಲೇ ಗೊರಕೆ ತೆಗೆದಳು. ಅವನು ಗಾಬರಿಯಾಗಿ ಚಪ್ಪಾಳೆ ತಟ್ಟಿ ಎಬ್ಬಿಸಿ, ಸಿಟ್ಟಿಗೆ ಒಬ್ಬರು ಬೇಕಿದ್ದರಿಂದ, ಗೊರಕೆಯವಳ ಪಕ್ಕದಲ್ಲಿದ್ದ ಅವಳನ್ನು ತೋರಿಸಿದ. "ನೀವು ಮೇಡಂ, ಎದ್ದು ಹೇಳಿ. ನಿಮ್ಮ ಗ್ರಾಹಕ ಯಾರು?" ಅವಳು ಎದ್ದಳು. "ಎಪ್ಪತ್ತಾರು ವರ್ಷ, ಗಂಡಸು, ಸೊಂಟದ ಮೂಳೆ…" "ನಿಲ್ಲಿಸಿ, ನಿಲ್ಲಿಸಿ. ಅದು ರೋಗಿ. ನಾನು ಕೇಳಿದ್ದು ಗ್ರಾಹಕ. ನಿಮ್ಮನ್ನ ಬನ್ನಿ ಅಂತ ಕರೆದಿದ್ದು ಯಾರು? ನಾಳೆಯಿಂದ ಬೇಡ ಅಂತ ಹೇಳೋಕೆ ಆಗೋದು ಯಾರಿಗೆ?" "ಸೊಸೆಗೆ." "ಹಾ! ಸೊಸೆ! ಅವಳು ಗ್ರಾಹಕ. ಮಲಗಿರೋರು ಬೇಡ ಅನ್ನೋಕಾಗಲ್ಲ ಮೇಡಂ. ಅರ್ಥ ಆಯ್ತಾ? ಒಂದು ಚಪ್ಪಾಳೆ ಕೊಡಿ ಇವರಿಗೆ."

ಚಪ್ಪಾಳೆ ಬಿತ್ತು. ಅದರೊಳಗಿಂದ ವಾರ್ಡಿನ ಹಳೆಯ ಬೆಳಗೊಂದು ಎದ್ದು ಬಂತು. ಬೆಡ್ ಹನ್ನೊಂದು, ಅರವತ್ತೆಂಟು, ಹೆಣ್ಣು, ಎಂದು ರಾತ್ರಿಯವಳು ಒಪ್ಪಿಸುತ್ತಿದ್ದಳು. ಬೇರೆ ವಾರ್ಡಿನಿಂದ ಒಂದು ರಾತ್ರಿಯ ಮಟ್ಟಿಗೆ ಬಂದಿದ್ದ ನರ್ಸು, ಅವಳಿಗೆ ಯಾರೂ ಹೇಳಿರಲಿಲ್ಲ. ಕರುಳಿನ ಗಡ್ಡೆ, ಆಪರೇಷನ್ ಬೇಡ ಅಂದಿದ್ದಾರೆ. ರಾತ್ರಿ ಹಾಸಿಗೆಯಲ್ಲೇ ಮಾಡ್ಕೊಂಡಿದ್ದಾರೆ, ತುಂಬಾ ವಾಸನೆ, ಪಕ್ಕದ ಬೆಡ್ಡಿನವರು ದೂರು ಕೊಟ್ಟಿದ್ದಾರೆ. ಮನೆಯವರು ಯಾರೂ ಬಂದಿಲ್ಲ. ಹಾಸಿಗೆಯ ಈ ಬದಿ ನಿಂತಿದ್ದ ಅವಳು ಹ್ಞೂಂ ಅಂದಳು. ಹಾಸಿಗೆಯಲ್ಲಿದ್ದದ್ದು ಅವಳ ಅಮ್ಮ. ಒಪ್ಪಿಸುವಾಗ ನಡುವೆ ಬಾಯಿ ಹಾಕಬಾರದು, ಇನ್ನೂ ಇಪ್ಪತ್ತೊಂದು ಹಾಸಿಗೆ ಉಳಿದಿದ್ದವು, ಮುಗಿದ ಮೇಲೆ ಹೇಳಿದರಾಯಿತು ಎಂದುಕೊಂಡಿರಬೇಕು. ಅಥವಾ ವಾಸನೆ ಎಂದಾದ ಮೇಲೆ ನಾನೇ ಮಗಳು ಎಂದು ಹೇಳಲು ನಾಚಿಕೆಯಾಯಿತೇ? 'ಮನೆಯವರು ಯಾರೂ ಬಂದಿಲ್ಲ' ಎಂದು ಪುಸ್ತಕದಲ್ಲಿ ಬರೆದುಕೊಂಡಳು, ತನ್ನದೇ ದುಂಡು ಅಕ್ಷರದಲ್ಲಿ. ಅಮ್ಮ ಅವಳನ್ನೇ ನೋಡುತ್ತಿದ್ದಳು. ಬೈಗುಳದ ನೋಟವಾಗಿದ್ದರೆ ಮರೆಯಬಹುದಿತ್ತು. ಕೆಲಸದಲ್ಲಿರುವ ಮಗಳಿಗೆ ತೊಂದರೆ ಕೊಡಬಾರದು ಎಂಬಂತೆ ಅಮ್ಮ ತುಸು ನಕ್ಕು, ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡಳು. ಬೆಡ್ ಹನ್ನೆರಡು, ಎಂದಳು ರಾತ್ರಿಯವಳು. ಇವಳು ಬೆಡ್ ಹನ್ನೆರಡಕ್ಕೆ ನಡೆದಳು. "ಕೂತ್ಕೊಳ್ಳಿ ಮೇಡಂ," ಎಂದ ತರಬೇತಿಯವನು, "ಚಪ್ಪಾಳೆ ಮುಗೀತು."

ಮೂರು ಗಂಟೆಗೆ ಚಿಕ್ಕವಳ ಫೋನು ಬಂತು. "ಅಕ್ಕಾ, ಬೆಳಗ್ಗೆಯಿಂದ ಒಂದು ಹನಿ ನೀರು ಇಳಿಸಿಲ್ಲ. ಮಾತ್ರೆ ಕೊಟ್ರೆ ತುಟಿ ಬಿಗೀತಾರೆ. ಮಾತಿಲ್ಲ ಕತೆ ಇಲ್ಲ. ಎನಿಮಾ ಅಂದ್ರೆ ಕಣ್ಣು ಬಿಟ್ಟು ನೋಡ್ತಾರೆ, ನನಗೇ ಹೊಟ್ಟೆ ಕೆಡುತ್ತೆ. ಮೇಡಂ ಬೇರೆ ಯಾರಿಗೋ ಫೋನ್ ಮಾಡಿ, ಬೇರೆ ಕಡೆ ಒಳ್ಳೆ ನರ್ಸ್ ಸಿಗ್ತಾರಾ ಅಂತ ಕೇಳ್ತಿದ್ರು. ನೀವು ಅದೇನ್ ಮಾತಾಡಿಬಿಟ್ರಿ ಅಕ್ಕಾ." "ನೀನು ಬರ್ಕೊಂಡಿಲ್ವಾ?" ಎಂದು ಗದರಿದಳು ಅವಳು, "ಬರ್ಕೊಳ್ಳೋವಾಗ ನಿಲ್ಲಿಸಿ ಅನ್ನೋಕೆ ಬಾಯಿರಲಿಲ್ವಾ ನಿನಗೆ?" "ಬಯ್ಯೋದಿದ್ರೆ ಇಲ್ಲಿಗೆ ಬಂದು ಬೈರಿ," ಎಂದು ಚಿಕ್ಕವಳು ಇಟ್ಟುಬಿಟ್ಟಳು. ಮೆಟ್ಟಿಲ ಬಳಿ ತರಬೇತಿಯವನು ಹಿಂದೆ ಬಂದ. ಮೈಕಿಲ್ಲದ ಅವನ ದನಿ ಸಣ್ಣದು, ಹುಡುಗನದು. "ಮೇಡಂ, ನಿಮ್ಮದೊಂದೇ ಬಾಕಿ. ಐದು ದಾಟಿದ್ರೆ ನನ್ನ ಕೈಲಿಲ್ಲ. ಎಲ್ಲದಕ್ಕೂ ಅತ್ಯುತ್ತಮ ಇರಲಿ. ಒಂದೇ ಒಂದು ಸಾಧಾರಣ ಇದ್ರೂ ಸಮಿತಿಯೋರು ಪಕ್ಕಕ್ಕಿಡ್ತಾರೆ. ನೀವೇ ಟಿಕ್ ಹಾಕ್ಕೊಂಡು ಸಹಿ ಮಾತ್ರ ತಗೊಳ್ಳಿ, ಎಲ್ಲರೂ ಮಾಡೋದು ಹಾಗೇ." ಅವನು ಒಳ್ಳೆಯದಕ್ಕೇ ಹೇಳುತ್ತಿದ್ದ. ಅದೂ ಅವಳಿಗೆ ಸಹಿಸಲಾಗಲಿಲ್ಲ.

ಬಸ್ಸಿನಲ್ಲಿ ನಿಂತೇ ಬಂದಳು. ಏನು ಹೇಳಬೇಕು ಎಂದು ಕಂಬಿ ಹಿಡಿದು ಜೋಡಿಸಿಕೊಂಡಳು. ಸೂಜಿ ಚುಚ್ಚುವಾಗ ಒಂದೇ ನಿಮಿಷ ಎಂದಿದ್ದಳು, ಸಾಯುವವರಿಗೆ ಏನೂ ಆಗಲ್ಲ ಎಂದಿದ್ದಳು, ಇಪ್ಪತ್ತೆರಡು ವರ್ಷದಲ್ಲಿ ಮಲಗಿದವರಿಗೆ ತಪ್ಪಾಯಿತು ಎಂದು ಒಮ್ಮೆಯಾದರೂ ಹೇಳಿದ್ದಳೇ? ನೆನಪಾಗಲಿಲ್ಲ. ಹೇಳುವ ಜಾಗವೂ ವಾರ್ಡಿನಲ್ಲಿರಲಿಲ್ಲ. ತಪ್ಪಾದರೆ ಡಾಕ್ಟರಿಗೆ ಹೇಳುವುದು, ಮೇಟ್ರನ್ನಿಗೆ ಬರೆದುಕೊಡುವುದು. ರೋಗಿಗೆ ಹೇಳುವುದು ಎಲ್ಲೂ ಇಲ್ಲ. ಅಜ್ಜ, ಬೆಳಗ್ಗೆ ನಾನು ಹಾಗೆ… ಬೇಡ, ಅಜ್ಜ ಅಂದರೆ ಮತ್ತೆ ಶುರು ಮಾಡುತ್ತಾರೆ. ನಾಲ್ಕು ಹತ್ತಕ್ಕೆ ಮೆಟ್ಟಿಲು ಹತ್ತಿದಳು. ಬಾಗಿಲು ತೆಗೆದ ಸೊಸೆಯ ಕೂದಲು ಬಿಚ್ಚಿತ್ತು, ಕಣ್ಣಿನಲ್ಲಿ ಹಳೆಯ ನಿದ್ದೆಗೇಡು ಒಂದೇ ದಿನದಲ್ಲಿ ವಾಪಸು ಬಂದಿತ್ತು. ಅವಳ ಗಂಡ ದೂರದೂರಿಗೆ ಲಾರಿ ಓಡಿಸುವವನು, ಹದಿನೈದು ದಿನಕ್ಕೊಮ್ಮೆ ಮನೆ ಕಾಣುವವನು. "ನಾಳೆ ಇವರು ಬರ್ತಾರೆ ಸಿಸ್ಟರ್," ಎಂದಳು ಸೊಸೆ, "ಅಪ್ಪ ಊಟ ಬಿಟ್ಟಿದ್ದಾರೆ ಅಂದ್ರೆ ನಾನೇ ಏನೋ ಅಂದೆ ಅಂತ ನನ್ನ ಮೇಲೇ ಬರುತ್ತೆ. ಮೊದಲು ಏನಾದ್ರೂ ತಿನ್ನಿಸಿ. ಆಮೇಲೆ ನಿಮ್ಮ ಕಾಗದಾನೋ ಕತ್ರೀನೋ ಹಾಕ್ಕೊಡ್ತೀನಿ."

ಕೋಣೆಯಲ್ಲಿ ಗಾಳಿಹಾಸಿಗೆಯ ಪಂಪು ಗುಂಯ್ ಅನ್ನುತ್ತಿತ್ತು. ಚಿಕ್ಕವಳು ಹಾಲಿನ ಲೋಟ ಹಿಡಿದು, ಇದೋ ನೀವೇ ನೋಡಿ ಎಂಬಂತೆ ಪಕ್ಕಕ್ಕೆ ಸರಿದಳು. ಚೆಕಿಂಗಿನವರು ಅಂಗಾತ ಮಲಗಿದ್ದರು, ತುಟಿ ಒಣಗಿ ಬಿಳಿ ಸಿಪ್ಪೆ ಎದ್ದಿತ್ತು. ಅವಳು ಹಾಸಿಗೆಯ ಹತ್ತಿರ ಹೋದಳು. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತು ಗಂಟಲವರೆಗೆ ಬಂತು. ಬಾಯಿಂದ ಹೊರಟಿದ್ದು ಬೇರೆ, ಮೂವತ್ತೆರಡು ಹಾಸಿಗೆಗೂ ಕೇಳಿಸುವ ದನಿಯಲ್ಲಿ: "ಯಾಕೆ ಏನೂ ತಗೊಂಡಿಲ್ಲ? ಹೀಗೆ ಹಟ ಮಾಡಿದ್ರೆ ಹೇಗೆ?" ತನ್ನ ದನಿ ಕೇಳಿ ಅವಳಿಗೇ ಅಸಹ್ಯವಾಯಿತು.

ಅವರು ಸೂರು ನೋಡುತ್ತಲೇ, ಅವಳನ್ನು ಬಿಟ್ಟು ಚಿಕ್ಕವಳಿಗೆ ಹೇಳಿದರು. "ಬರ್ಕೋಮ್ಮ. ಬೆಡ್ ಎರಡು."

ಚಿಕ್ಕವಳ ಕೈ ಅಭ್ಯಾಸಬಲದಿಂದ ಜೇಬಿನ ಪೆನ್ನಿಗೆ ಹೋಯಿತು.

"ಹೆಣ್ಣು. ನಲವತ್ತೈದು ಇರಬಹುದು, ಐವತ್ತರ ಹಾಗೆ ಕಾಣ್ತಾಳೆ. ಸೊಂಟ ಹಿಡ್ಕೊಂಡಿದೆ, ಬಗ್ಗೋವಾಗ ಹಲ್ಲು ಕಚ್ತಾಳೆ, ಯಾರಿಗೂ ಹೇಳಿಲ್ಲ. ರಾತ್ರಿ ಊಟದ ಡಬ್ಬಿ ತಂದಿದ್ಲು, ಮುಚ್ಚಳ ತೆಗೀಲಿಲ್ಲ. ಕುರ್ಚೀಲಿ ಕೂತು ಗೊರಕೆ. ಗೊರಕೆ ಅಂದ್ರೆ ಅಂತಿಂಥದ್ದಲ್ಲ, ಹಳೇ ಡೀಸೆಲ್ ಗಾಡಿ ದಿಣ್ಣೆ ಹತ್ತಿದ ಹಾಗೆ." ಬಾಗಿಲಲ್ಲಿ ಸೊಸೆಗೆ ಫಕ್ಕನೆ ನಗು ಬಂತು, ಸೆರಗು ಬಾಯಿಗಿಟ್ಟುಕೊಂಡಳು. "ಎರಡು ಗಂಟೆಗೊಂದು ಸಲ ನನ್ನ ತಿರುಗಿಸಬೇಕು. ಒಂದು ಸಲ ಇಪ್ಪತ್ತು ನಿಮಿಷ ತಡ ಆಯ್ತು. ಬೀರು ಬಾಗಿಲಿಗೆ ಅಂಟಿಸಿದೀರಲ್ಲ ಚಾರ್ಟು, ಅದರಲ್ಲಿ ಮಾತ್ರ ಸರಿಯಾದ ಟೈಮೇ ಬರೆದಿದಾಳೆ. ಬರ್ಕೊಂಡ್ಯಾ?" ಚಿಕ್ಕವಳು ಬರೆಯುವುದನ್ನು ನಿಲ್ಲಿಸಿದ್ದಳು. ಬೆಡ್ ಎರಡಾದವಳ ಕಿವಿ ಬಿಸಿಯಾಯಿತು. ನಿಲ್ಲಿಸಿ ಅನ್ನಬೇಕೆನಿಸಿತು. ಆದರೆ ಒಪ್ಪಿಸುವಾಗ ನಡುವೆ ಬಾಯಿ ಹಾಕಬಾರದು. ಅವಳು ಮಂಚದ ಕಂಬಿ ಹಿಡಿದು ನಿಂತೇ ಇದ್ದಳು, ತನ್ನ ಮೈಯ ಬಗ್ಗೆ, ತನ್ನ ಮೈಮೇಲಿಂದ, ಇಬ್ಬರು ಮಾತಾಡುವುದನ್ನು ಕೇಳುತ್ತಾ. "ಬೆಳಗಿನ ಜಾವ ನಾನು ಕೈ ಹಿಡ್ಕೊಂಡೆ," ಎಂದರು ಅವರು. ದನಿ ಸ್ವಲ್ಪ ಇಳಿಯಿತು, ನಿಲ್ಲಲಿಲ್ಲ. "ಗೊತ್ತಿದ್ದೇ ಹಿಡ್ಕೊಂಡೆ. ಹೆಂಡತಿ ಸತ್ತು ಹನ್ನೆರಡು ವರ್ಷ ಆಯ್ತು, ಅವಳ ಕೈ ಯಾವುದು, ಸಿಸ್ಟರ್ ಕೈ ಯಾವುದು ಅಂತ ನನಗೆ ತಿಳಿಯಲ್ವಾ? ಭಯ ಆಗಿತ್ತು. ಹೋಗಬೇಡ ಅಂದೆ. ಅಷ್ಟಕ್ಕೆ ಇವಳು ಕಣ್ಣು ಮುಚ್ಕೊಂಡೇ, ಎಲ್ಲಿಗೂ ಹೋಗಲ್ಲಮ್ಮಾ, ನಾನೇ ಮನೆಯವಳು, ನಾನೇ ಮನೆಯವಳು ಅಂದ್ಲು. ಎರಡು ಸಲ. ನನ್ನನ್ನ ಅಮ್ಮಾ ಅಂದ್ಲು." ಅವರು ಮೊದಲ ಸಲ ಮುಖ ತಿರುಗಿಸಿ ಅವಳನ್ನು ನೋಡಿದರು. "ಗೊಂದಲ ಇದೆ. ಗಮನಿಸು."

ಸೊಸೆ ನಗು ನಿಲ್ಲಿಸಿದ್ದಳು. ಅವಳಿಗೆ ತಾನು ಹಾಗೆಂದದ್ದು ನೆನಪಿರಲಿಲ್ಲ, ಹೇಳಿದ್ದಿರಲಾರದು ಎಂದು ವಾದಿಸಲೂ ಆಗಲಿಲ್ಲ, ಬೆಡ್ ಹನ್ನೊಂದರ ಕತೆಯನ್ನು ಅವಳು ಯಾರಿಗೂ ಹೇಳಿರಲಿಲ್ಲ, ಆ ಎರಡು ಮಾತನ್ನು ಅವರು ಬೇರೆಲ್ಲಿಂದ ತರಬೇಕು? ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಹೊದಿಕೆಯಿದ್ದಿದ್ದರೆ ಮೂಗಿನವರೆಗೆ ಎಳೆದುಕೊಳ್ಳಬಹುದಿತ್ತು. "ತಪ್ಪಾಯ್ತು," ಎಂದಳು. ತೀರಾ ಚಿಕ್ಕದಾಗಿ ಬಂತು ಅದು, ಆದರೆ ಬಂತು. "ಹಾಲು ತಣ್ಣಗಾಗಿದೆ," ಎಂದರು ಅವರು, "ಬಿಸಿ ಮಾಡ್ಕೊಂಡು ಬಾ."

ಬಿ‌ಸ್ಕತ್ತು ನೆನೆಸಿಕೊಂಡು ಮುಕ್ಕಾಲು ಲೋಟ ಕುಡಿದರು. ಮಾತ್ರೆಯನ್ನೂ ನುಂಗಿದರು, ಒಂದೊಂದಕ್ಕೂ ಇದು ಯಾವುದಕ್ಕೆ ಎಂದು ಕೇಳಿ. ಅವಳು ಲೋಟ ತೊಳೆದಿಡಲು ಹೋದಾಗ ನಾಲ್ಕು ಮೂವತ್ತೈದು. ಸೊಸೆ ಹೊರಗೆ ಸೋಫಾದ ಕೈ ಮೇಲೆ ಚಿಕ್ಕವಳು ತಂದುಕೊಟ್ಟ ಫಾರಂ ಬಿಡಿಸಿಕೊಂಡು, ಪೆನ್ನು ತೆರೆದು ಕೂತಿದ್ದಳು. "ಬನ್ನಿ, ಬೇಗ ಮುಗಿಸೋಣ. ಎಲ್ಲಾ ಅತ್ಯುತ್ತಮ ತಾನೆ? ಸೇವೆ ಪಡೆದವರ ಸಹಿ ಅಂತ ಇದೆ. ಪಡೆದಿದ್ದು ನಾನೇ ಅಲ್ವಾ ಸಿಸ್ಟರ್? ಆರು ತಿಂಗಳ ಮೇಲೆ ಈ ಎರಡು ವಾರ ನಾನು ಕಾಲು ಚಾಚಿ ಮಲಗಿದೀನಿ." ಅದು ಸುಳ್ಳಾಗಿರಲಿಲ್ಲ. ಸೊಸೆ ಮೊದಲ ಚೌಕದ ಮೇಲೆ ಪೆನ್ನಿಟ್ಟಳು. ಇನ್ನು ಒಂದು ನಿಮಿಷದ ಕೆಲಸ. ಒಂದು ಫೋಟೊ, ಅಲ್ಲಿಗೆ ಮುಗಿಯಿತು, ಸಮಿತಿ, ಮಂಚ, ಯಂತ್ರ, ಎರಡು ವರ್ಷ. ಅವಳು ಏನಾದರೂ ಯೋಚಿಸಿದಳೋ ಇಲ್ಲವೋ. "ಒಂದು ನಿಮಿಷ ಮೇಡಂ," ಎಂದು ಕಾಗದವನ್ನು ಪೆನ್ನಿನ ಅಡಿಯಿಂದ ಎಳೆದುಕೊಂಡಳು. ಕೋಣೆಗೆ ಹೋಗಿ, ಊಟದ ತಟ್ಟೆಯನ್ನು ಮಗುಚಿ ಅವರ ಎದೆಯ ಮೇಲಿಟ್ಟು, ಅದರ ಮೇಲೆ ಫಾರಂ ಇಟ್ಟಳು. ದಿಂಬು ಎತ್ತರಿಸಿ ಕನ್ನಡಕ ಹಾಕಿದಳು.

ಅವರು ಓದಿದರು. ಎಷ್ಟು ಓದಿದರೆಂದರೆ ಚಿಕ್ಕವಳು ಎರಡು ಸಲ ಗಡಿಯಾರ ನೋಡಿಕೊಂಡಳು. ಅಚ್ಚು ಹಾಕಿದ ಮುದ್ರಣಾಲಯದ ಹೆಸರನ್ನೂ ಓದಿದರು. "ಗುಣಮಟ್ಟ," ಎಂದು ಅತ್ಯುತ್ತಮಕ್ಕೆ ಗುರುತು ಹಾಕಿದರು, "ನಿನ್ನ ಹಾಗೆ ಹಾಸಿಗೆ ಹಾಸೋರನ್ನ ನೋಡಿಲ್ಲ, ಒಂದು ಸುಕ್ಕಿಲ್ಲ." ಶುಚಿತ್ವಕ್ಕೂ ಅತ್ಯುತ್ತಮ. ಸಮಯಪಾಲನೆಗೆ ಉತ್ತಮ, "ಇಪ್ಪತ್ತು ನಿಮಿಷ." ವರ್ತನೆಯ ಮುಂದೆ ಪೆನ್ನು ನಿಂತಿತು. ಆಮೇಲೆ ಗುರುತು ಚೌಕದ ಒಳಗೇ ಬಿತ್ತು, ನೇರವಾಗಿ, ಸಾಧಾರಣದಲ್ಲಿ. ಅದರ ಕೆಳಗೆ ಇಂಚಿಂಚೇ ತಮ್ಮ ಪೂರ್ತಿ ಹೆಸರು ಬರೆದು ಗೆರೆ ಎಳೆದರು.

ಸಾಧಾರಣ. ಅವಳು ಮತ್ತೊಮ್ಮೆ ಓದಿದಳು. ಕೈ ಹಿಡಿಸಿಕೊಂಡು ಕೂತವಳು ಸಾಧಾರಣ. ತುಂಬಿದ ಮನೆಯಲ್ಲಿ ತಪ್ಪಾಯ್ತು ಅಂದವಳು ಸಾಧಾರಣ. ಚಿಕ್ಕವಳು ಆಗಲೇ ಅವಳ ಚೀಲ ತೆಗೆದು ಇನ್ನೊಂದು ಫಾರಂ ಹೊರಗೆಳೆದಿದ್ದಳು. "ಅಕ್ಕಾ, ಖಾಲಿ ಇದೆ. ಹತ್ತು ನಿಮಿಷ ಇದೆ. ಮೇಡಂ ಹಾಕ್ಕೊಡ್ತಾರೆ. ನಾನೂ ಕೆಲಸ ಬಿಟ್ಟಿದೀನಿ ಅಕ್ಕಾ, ನೆನಪಿದೆಯಾ?" ನೆನಪಿತ್ತು. ತನ್ನೊಬ್ಬಳದೇ ಆಗಿದ್ದರೆ ಈ ಕಾಗದವನ್ನು ಏನು ಮಾಡುತ್ತಿದ್ದಳೋ, ಈಗ ಅದರಲ್ಲಿ ಚಿಕ್ಕವಳ ಮಗು, ಗಂಡ, ಅತ್ತೆಯ ಮೂದಲಿಕೆ ಎಲ್ಲ ಇದ್ದವು. ಬೆಳಗ್ಗೆ ತಪ್ಪು ಮಾಡಿದವಳು ಅವಳು, ಚಿಕ್ಕವಳಲ್ಲ. ಎರಡು ಕಾಗದಗಳೂ ಈಗ ಅವಳ ಕೈಯಲ್ಲಿದ್ದವು. "ನೀನೇ ಹೇಳು," ಎಂದಳು, "ನೀನು ಹೇಳಿದ್ದನ್ನ ಕಳಿಸ್ತೀನಿ." ಚಿಕ್ಕವಳು ಬಾಯಿ ತೆರೆದಳು. ಹೇಳಬೇಕಾದ್ದನ್ನು ಹೇಳಲು ಹೊರಗೆ ಹೋಗಬೇಕಿತ್ತು, ಈ ಕೋಣೆಯಲ್ಲಿ ಎಲ್ಲವೂ ಎಲ್ಲರಿಗೂ ಕೇಳಿಸುತ್ತಿತ್ತು, ಕನ್ನಡಕ ಹಾಕಿಕೊಂಡ ಮುದುಕರು ಇಬ್ಬರನ್ನೂ ನೋಡುತ್ತಿದ್ದರು. "ಥೂ, ನಿಮ್ಮದೊಂದು," ಎಂದಳು ಚಿಕ್ಕವಳು, "ಕಳಿಸಿ ಅತ್ಲಾಗೆ, ಅವರು ಹಾಕಿದ್ದನ್ನೇ. ಬೈಕೊಳ್ಳೋದನ್ನ ಆಮೇಲೆ ಬೈಕೋತೀನಿ."

ಮೊದಲ ಫೋಟೊ ಅಲುಗಿತು. ಎರಡನೆಯದನ್ನು ಕಳಿಸಿದಳು. ನಾಲ್ಕು ಐವತ್ತಾರು.

"ಏನಂದ್ರು?" ಎಂದರು ಅವರು.

"ಏನೂ ಅಂದಿಲ್ಲ. ಅನ್ನೋದೂ ಇಲ್ಲ. ಪಕ್ಕಕ್ಕಿಡ್ತಾರೆ."

"ಅದಕ್ಕೇನಂತೆ? ನಾಳೆ ಇನ್ನೊಂದು ತಾ, ಸರಿಯಾಗಿದ್ರೆ ನೋಡೋಣ."

"ನಾಳೆ ಇಲ್ಲ. ಇವತ್ತೇ ಕೊನೆ. ನಮ್ಮಿಬ್ಬರದೂ ಅದರ ಮೇಲೇ ನಿಂತಿತ್ತು."

ಅವರು ಕನ್ನಡಕ ತೆಗೆದರು. "ಮೊದಲೇ ಹೇಳೋದಲ್ವಾ?"

"ಹೇಳಿದ್ರೆ ಏನ್ ಮಾಡ್ತಿದ್ರಿ?"

ಅವರು ನಿಜವಾಗಿಯೂ ಯೋಚಿಸಿದರು. ಹುಬ್ಬು ಗಂಟಿಕ್ಕಿ, ಒಣ ತುಟಿಯನ್ನು ನಾಲಿಗೆಯಿಂದ ಸವರಿಕೊಂಡು, ಕಿಟಕಿಯ ಕಡೆ ನೋಡಿ ಯೋಚಿಸಿದರು.

"ಅದನ್ನೇ ಹಾಕ್ತಿದ್ದೆ," ಎಂದರು.

ಅವಳಿಗೆ ಎಷ್ಟು ರೇಗಿತೆಂದರೆ ಕೈಯಲ್ಲಿದ್ದ ಖಾಲಿ ಫಾರಮ್ಮನ್ನು ಉಂಡೆ ಮಾಡಿ ಮೂಲೆಗೆ ಎಸೆದಳು, ತಟ್ಟೆಯನ್ನು ಸದ್ದಾಗುವ ಹಾಗೆ ಕಿಟಕಿಯ ಕಟ್ಟೆ ಮೇಲಿಟ್ಟಳು, ದಿಂಬು ಎಳೆದಳು. ತಿರುಗಿಸುವ ಹೊತ್ತಾಗಿತ್ತು. "ಹ್ಞೂಂ, ತಿರುಗಿ," ಎಂದಳು ಗಡುಸಾಗಿ.

"ತಿರುಗಿ ಅಂದ್ರೆ ತಿರುಗೋಕಾಗಿದ್ರೆ ನೀನ್ಯಾಕೆ ಬೇಕಿತ್ತು?" ಎಂದರು ಚೆಕಿಂಗಿನವರು.

ಚಿಕ್ಕವಳು ಗೋಡೆಯ ಬದಿಗೆ ತೂರಿಕೊಂಡಳು. ಇಬ್ಬರೂ ಅವರ ಬೆನ್ನಿನ ಕೆಳಗೆ ಕೈ ಹಾಕಿದರು.